ಎರಡಡಿ ರೀಫ್ ಟ್ಯಾಂಕಿಗೆ ಲೈವ್ ರಾಕ್ ಆರಿಸೋದು ಹೇಗೆ

ಲೈಟಿಗೆ 18,000 ಸುರಿದು, ಕಲ್ಲಿಗೆ ಮಾತ್ರ ಕೆಜಿಗೆ 50 ರೂಪಾಯಿ ಕಮ್ಮಿ ಮಾಡ್ಕೊಳ್ಳಿ ಅಂತ ಅಂಗಡಿಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿದೋನು ನಾನು. ಲೈಟ್ ಇಷ್ಟ ಆಗ್ಲಿಲ್ಲ ಅಂದ್ರೆ ಬಿಚ್ಚಿ ಯಾರಿಗಾದ್ರೂ ಮಾರಬಹುದು, ಪಂಪ್ ಕೆಟ್ರೆ ಬೇರೆ ತರಬಹುದು, ಆದ್ರೆ ಕಲ್ಲು ಹಂಗಲ್ಲ, ಒಂದ್ಸಲ ಜೋಡಿಸಿ ಅದರ ಮೇಲೆ ನಾಲ್ಕು ಹವಳ ಅಂಟಿಸಿ ಅವು ಹಬ್ಬಿಕೊಂಡ ಮೇಲೆ ಆ ಕಲ್ಲನ್ನ ಹೊರಗೆ ತೆಗೆಯೋದು ಅಂದ್ರೆ ಜನ ವಾಸ ಇರೋ ಮನೆ ಪಾಯ ಅಗೆದಂಗೆ. ಅದಕ್ಕೇ ಹೊಸದಾಗಿ ಸಣ್ಣ ರೀಫ್ ಟ್ಯಾಂಕ್, ಅಂದ್ರೆ ಹವಳ ಮೀನು ಸಾಕೋ ಉಪ್ಪುನೀರಿನ ಅಕ್ವೇರಿಯಂ, ಇಡೋರಿಗೆ, ಅದರಲ್ಲೂ ಬೆಂಗಳೂರಿನಂಥ ಸಮುದ್ರ ಇಲ್ಲದ ಊರಲ್ಲಿ ಇಡೋರಿಗೆ, ಬರೀ ಕಲ್ಲಿನ ವಿಷಯ ಒಂದನ್ನೇ ಹಿಡ್ಕೊಂಡು ಬರೀತಿದೀನಿ. ಲೈಟು, ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯೋ ಸ್ಕಿಮ್ಮರು, ಇವನ್ನ ಇನ್ನೊಂದ್ಸಲ ನೋಡೋಣ.

ನನ್ನ ಲೆಕ್ಕ ಎಲ್ಲಾ ಎರಡಡಿ ಟ್ಯಾಂಕಿಂದು, 24 ಇಂಚು ಉದ್ದ, 12 ಅಗಲ, 12 ಎತ್ತರ. ಬಾಯಿ ತನಕ ತುಂಬಿದ್ರೆ 56 ಲೀಟರ್ ಚಿಲ್ಲರೆ, ಮರಳು ಕಲ್ಲು ಹಾಕಿ ಮೇಲೆ ಒಂದಿಂಚು ಬಿಟ್ರೆ ನಿಜವಾಗಿ ಉಳಿಯೋ ನೀರು 45 ಲೀಟರ್ ಆಸುಪಾಸು. ಈ 45ನ್ನ ನೆನಪಲ್ಲಿ ಇಟ್ಕೊಳ್ಳಿ, ಯಾಕಂದ್ರೆ ದೊಡ್ಡ ಟ್ಯಾಂಕ್ ಇರೋರು ಹೇಳೋ ಮಾತು ಎಷ್ಟೋ ಸಲ ನಮಗೆ ಹೊಂದಲ್ಲ. 400 ಲೀಟರ್ ನೀರಲ್ಲಿ ಕಲ್ಲಿನ ಹಿಂದೆ ಒಂದು ಚೂರು ಸ್ಪಂಜ್ (ಕಲ್ಲಿಗೆ ಅಂಟ್ಕೊಂಡು ಬದುಕೋ ಸಮುದ್ರ ಜೀವಿ) ಸತ್ತು ಕೊಳೆತ್ರೆ ಟೆಸ್ಟ್ ಕಿಟ್ಟಿಗೂ ಸುಳಿವು ಸಿಗಲ್ಲ, 45 ಲೀಟರಲ್ಲಿ ಅದೇ ಚೂರು ರಾತ್ರಿ ಕೊಳೆತ್ರೆ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿರತ್ತೆ. ಅದೂ ಅಲ್ದೆ ರೀಫ್ ನೀರಿನ ಪಿಎಚ್ 8.1ರಿಂದ 8.3, ಪಿಎಚ್ ಜಾಸ್ತಿ ಆದಷ್ಟೂ ಹಂಗೆ ಕೊಳೆತಾಗ ಬರೋ ಅಮೋನಿಯಾದ ವಿಷನೂ ಜಾಸ್ತಿ, ಸಿಹಿನೀರಿನ ಟ್ಯಾಂಕಲ್ಲಿ ಸುಧಾರಿಸ್ಕೊಂಡು ಹೋಗೋ ಅಮೋನಿಯಾ ಇಲ್ಲಿ ಸುಧಾರಿಸಲ್ಲ.

ಲೈವ್ ರಾಕ್ ಅಂದ ತಕ್ಷಣ ಕಲ್ಲಿಗೇ ಜೀವ ಇದೆ ಅಂದ್ಕೋಬೇಡಿ. ಅದು ಯಾವತ್ತೋ ಸತ್ತ ಹವಳದ ಅಸ್ಥಿಪಂಜರ, ಕ್ಯಾಲ್ಸಿಯಂ ಕಾರ್ಬೊನೇಟ್, ಮುರಿದು ನೋಡಿದ್ರೆ ಒಳಗೆ ಸೆಟ್ ದೋಸೆ ಥರ ತೂತೋ ತೂತು. ಆ ತೂತುಗಳಲ್ಲಿ ಕೂತಿರೋ ಬ್ಯಾಕ್ಟೀರಿಯಾ ಇದೆಯಲ್ಲ, ಅದಕ್ಕೆ ನಾವು ದುಡ್ಡು ಕೊಡೋದು. ಹೊರಗಡೆ, ಆಮ್ಲಜನಕ ಸಿಗೋ ಕಡೆ ಇರೋವು ಅಮೋನಿಯಾನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡ್ತವೆ, ಒಳಗಡೆ ಆಮ್ಲಜನಕ ಸರಿಯಾಗಿ ಹೋಗದ ಕಡೆ ಇರೋವು ಆ ನೈಟ್ರೇಟನ್ನ ನೈಟ್ರೋಜನ್ ಗಾಳಿ ಮಾಡಿ ಬಿಟ್ಬಿಡ್ತವೆ. ಅಂದ್ರೆ ಕಲ್ಲೇ ನಿಮ್ಮ ಫಿಲ್ಟರ್. ಇದರ ಜೊತೆಗೆ ಕೋಪೆಪಾಡ್, ಆಂಫಿಪಾಡ್ ಅನ್ನೋ ಹುಳದಂಥ ಸಣ್ಣ ಸಣ್ಣ ಜೀವ, ಮೇಲೆ ನೇರಳೆ ಗುಲಾಬಿ ಬಣ್ಣದಲ್ಲಿ ಪೇಂಟ್ ಬಳಿದಂಗೆ ಹಬ್ಬಿರೋ ಕೋರಲೈನ್ ಪಾಚಿ, ಇವೆಲ್ಲ ಬೋನಸ್.

ಈಗ ಮೊದಲನೇ ಪ್ರಶ್ನೆ, ಪ್ರತಿ ಸಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ: ಊರು ಮಲ್ಪೆ, ಊರು ಕಾರವಾರ, ರಜಕ್ಕೆ ಹೋದಾಗ ಬೀಚಿಂದ ನಾಲ್ಕು ಕಲ್ಲು ತಂದ್ಬಿಡ್ಲಾ? ಬೇಡ. ಎರಡು ಕಾರಣ. ಒಂದು, ನಮ್ಮ ಕರಾವಳಿಯಲ್ಲಿ ಕೈಗೆ ಸಿಗೋದು ಬಹುಪಾಲು ಗ್ರಾನೈಟು, ಮುರಕಲ್ಲು ಇಂಥವು. ಗ್ರಾನೈಟಲ್ಲಿ ತೂತೇ ಇಲ್ಲ, ಮುರಕಲ್ಲಲ್ಲಿ ತೂತಿದೆ ಆದ್ರೆ ಮೈತುಂಬ ಕಬ್ಬಿಣ, ನೀರಿಗೆ ಕಬ್ಬಿಣ ಬಿಟ್ರೆ ಪಾಚಿಗೆ ಗೊಬ್ಬರ ಹಾಕಿದಂಗೆ. ಎರಡನೇದು ಇನ್ನೂ ಮುಖ್ಯ. ನಿಜವಾದ ಹವಳದ ಕಲ್ಲು ಸಿಗೋ ಜಾಗ, ಅಂದ್ರೆ ಮುರ್ಡೇಶ್ವರದ ಹತ್ರ ನೇತ್ರಾಣಿ, ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಇಲ್ಲೆಲ್ಲ ಹವಳ ಮುಟ್ಟೋದು ಅಪರಾಧ. ದಿಬ್ಬ ಕಟ್ಟೋ ಕಲ್ಲು ಹವಳ ಎಲ್ಲವನ್ನೂ, ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಎಲ್ಲಾ ಸೇರಿಸಿ 2001ರಲ್ಲಿ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲಿಗೆ ಹಾಕಿದ್ರು, ಹುಲಿ ಆನೆ ಇರೋ ಅದೇ ಪಟ್ಟಿ. ಸತ್ತಿದೆ ಅಂತ ವಿನಾಯ್ತಿ ಇಲ್ಲ, ಹುಲಿ ಚರ್ಮ ಸತ್ತ ಹುಲೀದೇ ತಾನೆ. ಶಿಕ್ಷೆ 3 ವರ್ಷದಿಂದ 7 ವರ್ಷ ಜೈಲು. ತೂತ್ತುಕುಡಿ ಕಡೆ ಒಂದು ಕಾಲದಲ್ಲಿ ಹವಳ ಕಿತ್ತು ಸುಣ್ಣಕ್ಕೂ ಸಿಮೆಂಟಿಗೂ ಹಾಕ್ತಿದ್ರು, ಆ ದಿಬ್ಬಗಳು ಏನಾದ್ವು ಅಂತ ನೋಡಿದ್ರೆ ಕಾನೂನು ಯಾಕೆ ಬಂತು ಅಂತ ಅರ್ಥ ಆಗತ್ತೆ.

ಹೊರದೇಶದ್ದಕ್ಕೂ ಕಾಗದ ಬೇಕು. ಲೈವ್ ರಾಕ್ ಅಂತಾರಾಷ್ಟ್ರೀಯ ವ್ಯಾಪಾರದಲ್ಲಿ ಸೈಟಿಸ್ ಅನ್ನೋ, ಅಪಾಯದಲ್ಲಿರೋ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದದ ಎರಡನೇ ಪಟ್ಟೀಲಿ ಬರತ್ತೆ, ಪರ್ಮಿಟ್ ಇಲ್ದೆ ಗಡಿ ದಾಟೋಹಂಗಿಲ್ಲ. ಅಂಗಡಿಯೋರು "ಇಂಡೋನೇಷ್ಯಾ ಮಾಲು ಸಾರ್" ಅಂದ್ರೆ ಬಿಲ್ ಕೇಳಿ, ಇಂಪೋರ್ಟ್ ಕಾಗದ ಇದೆಯಾ ಅಂತ ಕೇಳಿ. ಮುಖ ಒಂಥರಾ ಮಾಡಿದ್ರೆ ಉತ್ತರ ಸಿಕ್ಕಂಗೇ. ನಮ್ಮ ಕಡೆ ಸಮುದ್ರದ ಕಲ್ಲನ್ನೇ ವಿದೇಶಿ ಅಂತ ಮಾರೋರೂ ಇದಾರೆ, ತಗೊಂಡೋರೂ ಸಿಕ್ಕಾಕ್ಕೊಳ್ತಾರೆ.

ಇಷ್ಟೆಲ್ಲ ಆದ ಮೇಲೆ ಕೈಯಲ್ಲಿ ಉಳಿಯೋ ದಾರಿ ಮೂರು. ಕಾಗದಪತ್ರ ಇರೋ ಆಮದು ಲೈವ್ ರಾಕ್, ಅದು ದುಬಾರಿ ಮತ್ತು ಅಪರೂಪ. ಎರಡನೇದು ಡ್ರೈ ರಾಕ್, ಅಂದ್ರೆ ನೆಲದಿಂದ ಅಗೆದು ತೆಗೆದ ಹಳೇ ಹವಳದ ಸುಣ್ಣಕಲ್ಲು, ಇಲ್ಲಾ ಸಿಮೆಂಟಿಂದಲೋ ಸೆರಾಮಿಕ್ಕಿಂದಲೋ ಮಾಡಿದ ಕೃತಕ ಕಲ್ಲು, ಒಣಗಿದ್ದು, ಏನೂ ಜೀವ ಇಲ್ದೇ ಇರೋದು. ಮೂರನೇದು ಯಾರದ್ದೋ ಓಡ್ತಿರೋ ಟ್ಯಾಂಕಿಂದ ಬಂದ ಕಲ್ಲು. ಅಮೆರಿಕದ ಫ್ಲಾರಿಡಾ ಕಡೆ ನಾಲ್ಕನೇ ದಾರಿನೂ ಇದೆ, ಅಲ್ಲಿ ಕಾಡು ಕಲ್ಲು ಕೀಳೋದನ್ನ 90ರ ದಶಕದಲ್ಲೇ ನಿಲ್ಲಿಸಿ, ಸಮುದ್ರದ ತಳದಲ್ಲಿ ಗುತ್ತಿಗೆ ಜಾಗ ತಗೊಂಡು ಒಣ ಸುಣ್ಣಕಲ್ಲು ಇಳಿಸಿ ವರ್ಷಗಟ್ಟಲೆ ಬಿಟ್ಟು ಬೆಳೆ ಥರ ತೆಗೀತಾರೆ. ಅಮೆರಿಕದಲ್ಲಿರೋ ನಮ್ಮೋರು ಓದ್ತಿದ್ರೆ ನಿಮಗೆ ಅದು ಸಿಗತ್ತೆ, ಹೊಟ್ಟೆಕಿಚ್ಚು ಬಿಟ್ರೆ ನಾನು ಹೇಳೋದು ಏನೂ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಸಣ್ಣ ಟ್ಯಾಂಕಿಗೆ ಮುಕ್ಕಾಲು ಪಾಲು ಡ್ರೈ ರಾಕ್, ಅದರ ಮಧ್ಯ ಅಂಗೈ ಅಗಲದ ಒಂದೇ ಒಂದು ತುಂಡು ಒಳ್ಳೇ ಲೈವ್ ರಾಕ್. ಮೊಸರಿಗೆ ಹೆಪ್ಪು ಹಾಕಲ್ವಾ, ಒಂದು ಲೀಟರ್ ಹಾಲಿಗೆ ಒಂದು ಲೀಟರ್ ಮೊಸರು ಯಾರೂ ಹಾಕಲ್ಲ, ಒಂದು ಚಮಚ ಸಾಕು. ಆದ್ರೆ ಹೆಪ್ಪು ಕೆಟ್ಟಿದ್ರೆ ಇಡೀ ಪಾತ್ರೆ ಹಾಳು, ಆದ್ದರಿಂದ ಆ ಒಂದು ತುಂಡನ್ನ ಆರಿಸೋದ್ರಲ್ಲೇ ನಿಮ್ಮ ಗಮನ ಎಲ್ಲ ಇರ್ಲಿ.

ಹೇಗೆ ಆರಿಸೋದು. ಮೊದಲು ಮೂಗು. ಕಲ್ಲನ್ನ ನೀರಿಂದ ಎತ್ತಿಸಿ, ನೀರು ಸೋರಿದ ಮೇಲೆ ಹತ್ರ ಹಿಡಿದು ಮೂಸಿ, ನಾಚ್ಕೋಬೇಡಿ. ಒಳ್ಳೇ ಕಲ್ಲು ಮಳೆಗಾಲದ ಬೀಚ್ ಥರ ವಾಸನೆ ಬರತ್ತೆ, ಉಪ್ಪುಪ್ಪಾಗಿ, ತಣ್ಣಗೆ. ಕೊಳೆತ ಮೊಟ್ಟೆ ವಾಸನೆ ಬಂದ್ರೆ, ಹಳೇ ಮೀನಿನ ಬುಟ್ಟಿ ವಾಸನೆ ಬಂದ್ರೆ ಒಳಗೆ ಏನೋ ಸತ್ತಿದೆ, ಇನ್ನೂ ಕ್ಯೂರ್ ಆಗಿಲ್ಲ, ಅಂದ್ರೆ ಸತ್ತಿದ್ದೆಲ್ಲ ಕೊಳೆತು ಹೋಗೋ ತನಕ ಬೇರೆ ಉಪ್ಪು ನೀರಲ್ಲಿ ಇಟ್ಟಿಲ್ಲ. ನಾನು ಮೊದಲನೇ ಸಲ ತಗೊಂಡ ಕಲ್ಲಿಗೆ ಅಂಗಡಿ ಹುಡುಗ "ಫುಲ್ ಕ್ಯೂರ್ಡ್ ಸಾರ್, ಇವತ್ತೇ ಮೀನು ಬಿಡಿ" ಅಂದ. ಮನೆಗೆ ತಂದು ಹಾಲ್‌ನಲ್ಲಿ ಕವರ್ ಬಿಚ್ಚಿದ್ದಷ್ಟೇ, ಒಳಗಿಂದ ಅಮ್ಮ "ಏನೋ ಅದು, ಯಾವ ಇಲಿ ಸತ್ತಿದೆ ನೋಡೋ" ಅಂತ ಬೀರುವಿನ ಹಿಂದೆ ಹುಡುಕೋಕೆ ಶುರು ಮಾಡಿದ್ರು. ಬಗ್ಗಿ ನೋಡಿದ್ರೆ ಕಲ್ಲಿನ ಸಂದಿಯಲ್ಲಿ ಬೂದು ಬಣ್ಣದ ಲೋಳೆ, ಅದೊಂದು ಸ್ಪಂಜ್, ಅಂಗಡಿಗೆ ಬರೋವಾಗಲೇ ಗಾಳಿಗೆ ಸಿಕ್ಕಿ ಸತ್ತಿದ್ದು. ಸ್ಪಂಜ್ ಗಾಳಿ ತಡಿಯಲ್ಲ, ಹೊರಗೆ ತೆಗೆದ್ರೆ ಒಳಗಿನ ಕಾಲುವೆಗಳಲ್ಲಿ ಗಾಳಿ ಸಿಕ್ಕಾಕ್ಕೊಂಡು ಸಾಯ್ತಾ ಹೋಗತ್ತೆ. ಆ ಕಲ್ಲು ಆರು ವಾರ ಬಾಲ್ಕನಿಯ ಬಕೆಟಲ್ಲಿ ಕೂತಿತ್ತು.

ಮೂಗು ಆದ ಮೇಲೆ ಕೈ. ನೋಡೋಕೆ ಎಷ್ಟು ದೊಡ್ಡದಿದೆ, ಎತ್ತಿದ್ರೆ ಎಷ್ಟು ಭಾರ ಇದೆ ಅಂತ ಹೋಲಿಸಿ. ಗಾತ್ರಕ್ಕೆ ಹಗುರ ಇದ್ರೆ ಒಳಗೆ ತೂತು ಜಾಸ್ತಿ, ಬ್ಯಾಕ್ಟೀರಿಯಾಗೆ ಜಾಗ ಜಾಸ್ತಿ, ನಿಮ್ಮ ಜೇಬಿಗೂ ಒಳ್ಳೇದು, ಯಾಕಂದ್ರೆ ಮಾರೋದು ಕೆಜಿ ಲೆಕ್ಕದಲ್ಲಿ. ಒಣ ಕಲ್ಲಾದ್ರೆ ಇನ್ನೂ ಸುಲಭ, ಮೇಲೆ ನಾಲ್ಕು ಹನಿ ನೀರು ಬಿಡಿ, ಪಟ್ಟನೆ ಹೀರ್ಕೊಂಡ್ರೆ ಒಳ್ಳೇದು, ಹನಿ ಹಂಗೇ ಕೂತ್ರೆ ಗಟ್ಟಿ ಕಲ್ಲು. ಸುಣ್ಣದ ಜಾತಿನಾ ಅಲ್ವಾ ಅಂತ ಅನುಮಾನ ಇದ್ರೆ ಅಡುಗೆಮನೆ ವಿನೆಗರ್ ಒಂದು ಹನಿ ಹಾಕಿ, ನೊರೆ ಬಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬರ್ಲಿಲ್ಲ ಅಂದ್ರೆ ಬೇರೆ ಏನೋ. ಅಮೃತಶಿಲೆಗೂ ನೊರೆ ಬರತ್ತೆ ಅನ್ನೋದು ಮರೀಬೇಡಿ, ಅದರಲ್ಲಿ ತೂತಿಲ್ಲ, ಎರಡೂ ಪರೀಕ್ಷೆ ಪಾಸಾಗ್ಬೇಕು.

ಆಮೇಲೆ ಕಣ್ಣು. ಕೋರಲೈನ್ ನೇರಳೆ ಬಣ್ಣ ಇದ್ರೆ ಸಂತೋಷ, ಇಲ್ಲಾಂದ್ರೂ ಪರವಾಗಿಲ್ಲ, ನೀರು ಸರಿ ಇದ್ರೆ ಕೆಲವು ತಿಂಗಳಲ್ಲಿ ತಾನೇ ಹಬ್ಬತ್ತೆ. ಅಲ್ಲಲ್ಲಿ ಬಿಳಿ ಮಚ್ಚೆ ಇದ್ರೆ ಅಲ್ಲಿ ಸತ್ತಿದೆ ಅಂತ. ಇಡೀ ಕಲ್ಲು ಒಂದೇ ಸಮ ನೇರಳೆ, ಸಂದಿಯಲ್ಲೂ ತಳದಲ್ಲೂ ಅದೇ ಬಣ್ಣ ಇದ್ರೆ ಅದು ಕೋರಲೈನ್ ಅಲ್ಲ, ಬಣ್ಣ ಹಾಕಿರೋ ಡ್ರೈ ರಾಕ್. ಅದನ್ನ ತಗೋಬಾರದು ಅಂತಲ್ಲ, ಒಳ್ಳೇ ಕಂಪನಿಗಳೇ ಹಂಗೆ ಮಾಡ್ತವೆ, ಲೈವ್ ರಾಕ್ ರೇಟ್ ಕೊಡಬೇಡಿ ಅಷ್ಟೇ. ಹಸಿರು ಕೂದಲಿನಂಥ ಪಾಚಿ ಗಡ್ಡ ಬಿಟ್ಟಂಗೆ ಇದ್ರೆ, ಗಾಜಿನ ಗೋಲಿ ಥರ ಹೊಳೆಯೋ ಹಸಿರು ಗುಳ್ಳೆ ಇದ್ರೆ ವಾಪಸ್ ಇಟ್ಬಿಡಿ. ಆ ಗುಳ್ಳೆ ಪಾಚಿ ಒಂದು ಒಡೆದ್ರೆ ಇನ್ನೆಲ್ಲೆಲ್ಲೋ ಹುಟ್ಕೊಳ್ಳತ್ತೆ.

ಯಾರಾದ್ರೂ ಟ್ಯಾಂಕ್ ಮುಚ್ತಿದಾರೆ, ಕಲ್ಲು ಕೊಡ್ತಾರೆ ಅಂದ್ರೆ ಅದಕ್ಕಿಂತ ಒಳ್ಳೇ ಹೆಪ್ಪು ಇಲ್ಲ, ಆದ್ರೆ ಒಂದು ಪ್ರಶ್ನೆ ಕೇಳ್ಲೇಬೇಕು: ಈ ಟ್ಯಾಂಕಿಗೆ ಯಾವತ್ತಾದ್ರೂ ತಾಮ್ರದ ಔಷಧಿ ಹಾಕಿದ್ರಾ? ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಹಾಕ್ತಾರೆ. ಸುಣ್ಣದ ಕಲ್ಲು ತಾಮ್ರನ ಹೀರ್ಕೊಂಡು ಇಟ್ಕೊಳ್ಳತ್ತೆ, ಆಮೇಲೆ ನಿಧಾನಕ್ಕೆ ಬಿಡತ್ತೆ, ಸೀಗಡಿ ಬಸವನಹುಳ ಹವಳ ಇವಕ್ಕೆ ಅದು ನೇರ ವಿಷ. "ಗೊತ್ತಿಲ್ಲ, ನನ್ನ ಅಣ್ಣ ನೋಡ್ಕೊಳ್ತಿದ್ದ" ಅಂದ್ರೆ ಬಿಟ್ಟಿ ಕೊಟ್ರೂ ಬೇಡ. ಅವರ ಟ್ಯಾಂಕಲ್ಲಿ ಸೀಗಡಿ, ಬಸವನಹುಳ ಆರಾಮಾಗಿ ಓಡಾಡ್ತಿದ್ರೆ ಅದೇ ನಿಮಗೆ ಸರ್ಟಿಫಿಕೇಟ್.

ಕಲ್ಲಿನ ಜೊತೆ ಟಿಕೆಟ್ ಇಲ್ದೆ ಬರೋ ಪ್ರಯಾಣಿಕರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. ಹೊಸಬರು ಹೆದರೋದು ಬ್ರಿಸಲ್ ವರ್ಮಿಗೆ, ಜರಿ ಥರ ಕಾಣತ್ತೆ ಪಾಪ, ಆದ್ರೆ ಅದು ಉಳಿದ ಊಟ ತಿಂದು ಕ್ಲೀನ್ ಮಾಡೋ ಜೀವಿ, ಬಿಟ್ಬಿಡಿ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ, ಪಾಪಾಸುಕಳ್ಳಿ ಸಣ್ಣ ಮುಳ್ಳು ಚುಚ್ಕೊಂಡಂಗೆ ಎರಡು ದಿನ ಉರಿಯತ್ತೆ, ಸೆಲೋಟೇಪ್ ಅಂಟಿಸಿ ಕಿತ್ರೆ ಮುಳ್ಳು ಬರತ್ತೆ. ಬೆರಳುಗುರಿನಷ್ಟು ಸಣ್ಣ ಬ್ರಿಟಲ್ ಸ್ಟಾರ್, ಫೆದರ್ ಡಸ್ಟರ್ ಹುಳ, ಚಿಟಾನ್ ಇವೆಲ್ಲ ಬಂದ್ರೆ ಅದೃಷ್ಟ. ಬೇಡದೇ ಇರೋರು ಯಾರು ಅಂದ್ರೆ ಮೈತುಂಬ ಕೂದಲು, ಕೈ ತುದಿ ಕಪ್ಪಗಿರೋ ಏಡಿ, ಇದು ಹವಳಾನೂ ತಿನ್ನತ್ತೆ ಮಲಗಿರೋ ಮೀನಿಗೂ ಕೈ ಹಾಕತ್ತೆ. ಆಮೇಲೆ ಆಯಿಪ್ಟೇಸಿಯಾ, ಕಂದು ಬಣ್ಣದ ಸಣ್ಣ ಅನಿಮೋನ್, ದೂರದಿಂದ ನೋಡಿದ್ರೆ ಪುಟಾಣಿ ತೆಂಗಿನಮರ. ಮುದ್ದಾಗಿದೆ ಅಂತ ಬಿಟ್ರೆ ಮುಗೀತು. ಕಿತ್ರೆ, ಕತ್ತರಿಸಿದ್ರೆ ಪ್ರತಿ ಚೂರಿಂದಲೂ ಇನ್ನೊಂದು ಹುಟ್ಟತ್ತೆ, ನಮ್ಮ ಪುರಾಣದ ರಕ್ತಬೀಜಾಸುರ. ಅದಕ್ಕೆ ಮದ್ದು ನಮ್ಮಜ್ಜಿ ಸಂಚಿಯಲ್ಲೇ ಇರೋ ವಸ್ತು, ಸುಣ್ಣ. ರೀಫ್ ಹವ್ಯಾಸದಲ್ಲಿ ಕಾಲ್ಕ್‌ವಾಸರ್ ಅಂತ ಜರ್ಮನ್ ಹೆಸರಿಟ್ಟು ಮಾರೋದು ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ ಅಡಿಕೆ ಸುಣ್ಣಕ್ಕೆ ಬಣ್ಣ ವಾಸನೆ ಏನೇನೋ ಸೇರಿಸಿರ್ತಾರೆ ಅದನ್ನ ಹಾಕ್ಬೇಡಿ, ಅಕ್ವೇರಿಯಂ ಗ್ರೇಡಿಂದೇ ತಗೊಂಡು ಮಜ್ಜಿಗೆ ಹದಕ್ಕೆ ಕಲಸಿ, ಪಂಪ್ ಆಫ್ ಮಾಡಿ, ಸಿರಿಂಜಲ್ಲಿ ನಿಧಾನಕ್ಕೆ ಅದರ ಬಾಯಿ ಮೇಲೆ ಬಿಡಿ, 15 ನಿಮಿಷ ಬಿಟ್ಟು ಪಂಪ್ ಆನ್ ಮಾಡಿ. 45 ಲೀಟರಲ್ಲಿ ದಿನಕ್ಕೆ ಒಂದೋ ಎರಡೋ ಅಷ್ಟೇ, ಜಾಸ್ತಿ ಹಾಕಿದ್ರೆ ಪಿಎಚ್ ಹಾರಿ ಉಳಿದೋರಿಗೂ ತೊಂದರೆ. ಪೆಪ್ಪರ್‌ಮಿಂಟ್ ಸೀಗಡಿ ಬಿಟ್ರೆ ಅದೂ ತಿನ್ನತ್ತೆ, ಮೂಡ್ ಇದ್ರೆ.

ಅತೀ ದೊಡ್ಡ ತರಲೆ ಮ್ಯಾಂಟಿಸ್ ಶ್ರಿಂಪ್, ಚಿಪ್ಪನ್ನ ಹೊಡೆದು ಒಡೆಯೋ ಸೀಗಡಿಯಂಥ ಜೀವಿ. ನನ್ನ ಮನೇಲಿ ಕಲ್ಲು ಟ್ಯಾಂಕಿಗೆ ಇಳಿಸಿ ಒಂದು ವಾರ ಆಗಿತ್ತು, ರಾತ್ರಿ ಹನ್ನೊಂದೂವರೆಗೆ ಟಕ್ ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಗಾಜಿಗೆ ಉಗುರಲ್ಲಿ ಬಡಿದಂಗೆ. ಟ್ಯಾಂಕ್ ಸೀಳ್ತಿದೆ ಅಂದ್ಕೊಂಡು ಟಾರ್ಚ್ ಹಿಡ್ಕೊಂಡು ಸಿಲಿಕಾನ್ ಅಂಚೆಲ್ಲ ಒರೆಸಿ ಒರೆಸಿ ನೋಡಿದೆ, ಒಂದು ಹನಿ ನೀರಿಲ್ಲ. ಮಾರನೇ ದಿನ ಬೆಳಿಗ್ಗೆ ಎರಡು ಬಸವನಹುಳದ ಚಿಪ್ಪು ಪುಡಿಪುಡಿ. ಮೂರನೇ ರಾತ್ರಿ ಟಾರ್ಚಿಗೆ ಕೆಂಪು ಸೆಲೋಫೇನ್ ಸುತ್ತಿ ಕಾದು ಕೂತೆ, ಕಲ್ಲಿನ ಒಂದು ದುಂಡು ತೂತಿಂದ ಎರಡು ಕಣ್ಣು ಹೊರಗೆ ಬಂತು, ಒಂದು ಈ ಕಡೆ ನೋಡ್ತಿದೆ, ಇನ್ನೊಂದು ಆ ಕಡೆ. ಎರಡಿಂಚು ಉದ್ದ ಇರ್ಬಹುದು, ಹಸಿರು. ಆ ಕಲ್ಲನ್ನ ಹೊರಗೆ ತೆಗೆದು ತೂತಿಗೆ ಸೋಡಾ ನೀರು, ಹೌದು ಕುಡಿಯೋ ಸೋಡಾನೇ, ಸಿರಿಂಜಲ್ಲಿ ಬಿಟ್ಟ ಎರಡು ಸೆಕೆಂಡಿಗೆ ಬಕೆಟಿಗೆ ಹಾರ್ತು. ಈಗ ಅದು ನನ್ನ ಗೆಳೆಯನ ಮನೇಲಿ ಪ್ರತ್ಯೇಕ ಡಬ್ಬಿಯಲ್ಲಿ ರಾಜನ ಥರ ಇದೆ, ಅವನಿಗೆ ನನ್ನ ಮೀನಿಗಿಂತ ಅದರ ಮೇಲೇ ಪ್ರೀತಿ. ಇದರಿಂದ ನಿಮಗೆ ಬೇಕಾದ್ದು ಇಷ್ಟು: ಕಲ್ಲಲ್ಲಿ ಪೆನ್ಸಿಲ್ ಹೋಗೋ ಅಷ್ಟು ನುಣ್ಣನೆ ದುಂಡು ತೂತು ಕಂಡ್ರೆ ಅದರ ಒಳಗೆ ಯಾರೋ ಸಂಸಾರ ಮಾಡ್ತಿದಾರೆ ಅಂತ ಅಂದ್ಕೊಂಡೇ ನೋಡಿ, ಟ್ಯಾಂಕಿಗೆ ಹಾಕೋ ಮುಂಚೆ ಬಕೆಟಲ್ಲಿ ಇರೋವಾಗಲೇ ರಾತ್ರಿ ಹೊತ್ತು ಒಂದೆರಡು ಸಲ ಟಾರ್ಚ್ ಬಿಡಿ.

ಎಷ್ಟು ಕಲ್ಲು ಬೇಕು? ಹಳೇ ಲೆಕ್ಕ ಗ್ಯಾಲನ್ನಿಗೆ 1ರಿಂದ 2 ಪೌಂಡ್, ನಮ್ಮ ಟ್ಯಾಂಕಿಗೆ ಅದು 7ರಿಂದ 14 ಕೆಜಿ ಆಗತ್ತೆ. 14 ಕೆಜಿ ಹಾಕಿದ್ರೆ ಗೋಡೆ ಕಟ್ಟಿದಂಗೆ ಇರತ್ತೆ, ಮೀನಿಗೆ ಈಜೋಕೆ ಜಾಗ ಇರಲ್ಲ, ಹಿಂದೆ ಕೊಳೆ ಕೂತು ನೈಟ್ರೇಟ್ ಫ್ಯಾಕ್ಟರಿ ಆಗತ್ತೆ. ಹಗುರವಾದ ತೂತಿನ ಕಲ್ಲಾದ್ರೆ 5ರಿಂದ 6 ಕೆಜಿ ಸಾಕು, ನಂದು ಐದೂವರೆ. ಅಂಗಡಿಗೆ ಹೋಗೋ ಮುಂಚೆ ನ್ಯೂಸ್ ಪೇಪರನ್ನ 24 ಇಂಟು 12 ಇಂಚಿಗೆ ಕತ್ತರಿಸಿ ಮಡಚಿ ಜೇಬಲ್ಲಿ ಇಟ್ಕೊಳ್ಳಿ, ಅಲ್ಲೇ ನೆಲದ ಮೇಲೆ ಹಾಸಿ ಕಲ್ಲು ಜೋಡಿಸಿ ನೋಡಿ. ಅಂಗಡಿಯೋರು ನಗ್ತಾರೆ, ನಗ್ಲಿ. ನಾಲ್ಕೂ ಕಡೆ ಗಾಜಿಂದ ಎರಡಿಂಚಾದ್ರೂ ಬಿಡಬೇಕು, ಗಾಜು ಉಜ್ಜೋ ಮ್ಯಾಗ್ನೆಟ್ ಓಡಾಡ್ಬೇಕಲ್ಲ. ಎತ್ತರ 8 ಇಂಚು ಮೀರೋದು ಬೇಡ, ಮೇಲೆ ಹವಳ ಬೆಳಿಯೋಕೆ ಜಾಗ ಬೇಕು. ಒಂದೇ ಗಾತ್ರದ ನಾಲ್ಕು ಉಂಡೆ ತಗೊಂಡ್ರೆ ಏನು ಮಾಡಿದ್ರೂ ಜಲ್ಲಿ ರಾಶಿ ಥರನೇ ಕಾಣತ್ತೆ. ಒಂದು ದೊಡ್ಡದು, ತಳ ಚಪ್ಪಟೆ ಇರೋದು, ಒಂದು ಹಲಗೆ ಥರದ್ದು, ಎರಡು ಮೂರು ಕವಲು ಕವಲಾಗಿರೋ ಸಣ್ಣವು, ಹಿಂಗೆ ತಗೊಳ್ಳಿ. ಚೂರು ಪಾರು ಉಳಿದಿದ್ರೆ ಒಂದು ಹಿಡಿ ಕೇಳಿ ಈಸ್ಕೊಳ್ಳಿ, ಫಿಲ್ಟರ್ ಹಿಂದಿನ ಖಾನೆಗೆ ಹಾಕಿದ್ರೆ ಕೋಪೆಪಾಡ್ ಅಲ್ಲೇ ಮನೆ ಮಾಡ್ಕೊಳ್ಳತ್ತೆ.

ಡ್ರೈ ರಾಕ್ ಶುದ್ಧ, ಹಂಗೇ ಹಾಕ್ಬಹುದು ಅಂತ ಹೇಳ್ತಾರೆ, ಅರ್ಧ ನಿಜ. ಸಮುದ್ರದಿಂದ ತೆಗೆದು ಒಣಗಿಸಿದ್ದಾದ್ರೆ ಒಳಗೆ ಒಣಗಿದ ಜೀವಿಗಳು ಇರ್ತವೆ, ಅಗೆದು ತೆಗೆದದ್ದಾದ್ರೂ ಫಾಸ್ಫೇಟ್ ಕೂತಿರ್ಬಹುದು, ಸುಣ್ಣದ ಕಲ್ಲು ಫಾಸ್ಫೇಟನ್ನ ಹಿಡಿದಿಟ್ಕೊಂಡು ನೀರಲ್ಲಿ ಕಮ್ಮಿ ಆದಾಗೆಲ್ಲ ಬಿಡ್ತಾ ಇರತ್ತೆ, ಆಮೇಲೆ ನೀವು ತಿಂಗಳಾನುಗಟ್ಟಲೆ "ಎಷ್ಟು ನೀರು ಬದಲಾಯಿಸಿದ್ರೂ ಪಾಚಿ ಹೋಗ್ತಿಲ್ಲ" ಅಂತ ಕೂತಿರ್ತೀರಿ. ಬ್ರಷ್ಷಲ್ಲಿ ಉಜ್ಜಿ, ಆರ್‌ಒ ನೀರಿನ ಬಕೆಟಲ್ಲಿ ಪಂಪ್ ಹಾಕಿ ಒಂದು ವಾರ ಬಿಟ್ಟು ಫಾಸ್ಫೇಟ್ ಟೆಸ್ಟ್ ಮಾಡಿ. ಜಾಸ್ತಿ ಬಂದ್ರೆ ನೀರು ಚೆಲ್ಲಿ ಮತ್ತೆ, ಕಮ್ಮಿ ಆಗೋತನಕ. ಕಂದು ಕಪ್ಪು ಕಲೆ, ವಾಸನೆ ಇದ್ರೆ ಮೊದಲು ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಹಾಕಿ ಮೂರ್ನಾಲ್ಕು ದಿನ ನೆನೆಸಿ, ಚೆನ್ನಾಗಿ ತೊಳೆದು, ಡಬಲ್ ಡೋಸ್ ಆಂಟಿ ಕ್ಲೋರಿನ್ ಹಾಕಿದ ನೀರಲ್ಲಿ ಒಂದು ದಿನ ಇಟ್ಟು, ಬಿಸಿಲಲ್ಲಿ ವಾಸನೆ ಪೂರ್ತಿ ಹೋಗೋತನಕ ಒಣಗಿಸಿ. ಯೂಟ್ಯೂಬಲ್ಲಿ ಆಸಿಡ್ ಹಾಕೋದು ತೋರಿಸ್ತಾರೆ, ಅಪಾರ್ಟ್‌ಮೆಂಟ್ ಬಾತ್‌ರೂಮಲ್ಲಿ ಆ ಸಾಹಸ ಬೇಡ, ಬ್ಲೀಚೂ ಆಸಿಡ್ಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್.

ಇನ್ನೊಂದು ಅಪಾಯದ ಮಾತು, ಇದನ್ನ ಮಾತ್ರ ತಮಾಷೆ ಮಾಡ್ದೆ ಹೇಳ್ತೀನಿ. ಲೈವ್ ರಾಕನ್ನ ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿ ನೀರು ಸುರಿದು ಉಜ್ಜಬೇಡಿ. ಜೋವಾಂತಿಡ್, ಪಾಲಿತೋವಾ ಅನ್ನೋ ಗುಂಡಿ ಥರದ ಹವಳ ಕಲ್ಲಿನ ಮೇಲೆ ಇದ್ರೆ ಅವುಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ವಿಷ ಇರಬಹುದು, ಆವಿ ಜೊತೆ ಉಸಿರಿಗೆ ಹೋದ್ರೆ ಆಸ್ಪತ್ರೆಗೇ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಲ್ಲಿ ಟ್ಯಾಂಕಿನ ಹವಳ ಹೊರಗೆ ತೆಗೆದು ಉಜ್ಜಿದ್ದಕ್ಕೆ ಇಡೀ ಕುಟುಂಬ, ಸಹಾಯಕ್ಕೆ ಬಂದ ತುರ್ತು ಸೇವೆಯೋರೂ ಸೇರಿ ಆಸ್ಪತ್ರೆ ಸೇರಿದ್ರು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಗುಂಡಿ ಹವಳ ಇರೋ ಕಲ್ಲಾದ್ರೆ ಉಜ್ಜೋ ಯೋಚನೆಯೇ ಬೇಡ.

ಮನೆಗೆ ತರೋದು ಹೇಗೆ ಅಂದ್ರೆ ಮುಚ್ಚಳ ಇರೋ ಬಕೆಟಲ್ಲಿ ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿ ತರೋದು ಉತ್ತಮ, ಬ್ಯಾಟರಿ ಏರ್ ಪಂಪ್ ಇದ್ರೆ ಇನ್ನೂ ಉತ್ತಮ. ಬಟ್ಟೆ ನೆನೆಸಿದ ಬಕೆಟ್ ಬೇಡ, ಸೋಪು ಎಷ್ಟು ತೊಳೆದ್ರೂ ಪ್ಲಾಸ್ಟಿಕ್ ಬಿಡಲ್ಲ. ಬಕೆಟ್ ಇಲ್ಲ, ಬೈಕಲ್ಲಿ ಹೋಗಿದೀರಿ ಅಂದ್ರೆ ಉಪ್ಪು ನೀರಲ್ಲಿ ಅದ್ದಿದ ನ್ಯೂಸ್ ಪೇಪರಲ್ಲಿ ಸುತ್ತಿ ಥರ್ಮಾಕೋಲ್ ಡಬ್ಬಿಯಲ್ಲಿ ಇಡಿ, ಎರಡು ಮೂರು ಗಂಟೆ ತಡಿಯತ್ತೆ. ಸಿಲ್ಕ್ ಬೋರ್ಡ್ ದಾಟಬೇಕಾದ್ರೆ ಲೆಕ್ಕ ನೀವೇ ಹಾಕ್ಕೊಳ್ಳಿ.

ಮನೇಲಿ ಕ್ಯೂರಿಂಗ್. ಹೊಸ 20 ಲೀಟರ್ ಬಕೆಟ್, ಮರೀನ್ ಸಾಲ್ಟ್ ಕಲಸಿದ ನೀರು, ಅಡುಗೆ ಕಲ್ಲುಪ್ಪು ಅಲ್ಲ ಮತ್ತೆ, ಉಪ್ಪಿನ ಅಂಶ ಅಳೆಯೋ ರಿಫ್ರಾಕ್ಟೋಮೀಟರಲ್ಲಿ 1.025, ಟೆಂಪರೇಚರ್ 25-26 ಡಿಗ್ರಿ, ಒಂದು ಸಣ್ಣ ಪಂಪ್, ಲೈಟ್ ಬೇಡ. ಕತ್ತಲಲ್ಲಿ ಪಾಚಿ ಬರಲ್ಲ, ಬ್ಯಾಕ್ಟೀರಿಯಾಗೆ ಬೆಳಕು ಬೇಕಿಲ್ಲ. ಹಾಕೋ ಮುಂಚೆ ಕಲ್ಲನ್ನ ಬೇರೆ ಉಪ್ಪು ನೀರಲ್ಲಿ ಬಟ್ಟೆ ಜಾಲಿಸಿದಂಗೆ ಜಾಲಿಸಿ, ಎಷ್ಟು ಮಣ್ಣು ಬೀಳತ್ತೆ ನೋಡಿದ್ರೆ ಆಶ್ಚರ್ಯ ಪಡ್ತೀರಿ. ಬಿಳಿ ಲೋಳೆ ಕಟ್ಟಿದ ಕಡೆ ಹಳೇ ಟೂತ್ ಬ್ರಷ್ಷಲ್ಲಿ ತೆಗೀರಿ. ವಾರಕ್ಕೊಂದ್ಸಲ ಅರ್ಧ ನೀರು ಬದಲಾಯಿಸಿ, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಬಂದು ಒಂದು ವಾರ ಸೊನ್ನೆಯಲ್ಲೇ ನಿಂತ್ರೆ ಆಯ್ತು. ಗೆಳೆಯರ ಟ್ಯಾಂಕಿಂದ ನೇರ ನೀರಲ್ಲೇ ಬಂದಿದ್ರೆ ಒಂದು ವಾರದಲ್ಲಿ ಮುಗೀಬಹುದು, ಒಣಗಿ ಬಂದ ಆಮದು ಕಲ್ಲಾದ್ರೆ 4ರಿಂದ 6 ವಾರ.

ಟ್ಯಾಂಕಿಗೆ ಇಳಿಸೋವಾಗ ಮೊದಲು ಕಲ್ಲು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ರೆ ಯಾವುದಾದ್ರೂ ಗೋಬಿ ಮೀನೋ ಸೀಗಡಿನೋ ಕೆಳಗೆ ತೋಡಿ ಒಂದಿನ ಕಲ್ಲು ಗಾಜಿನ ಮೇಲೆ ವಾಲತ್ತೆ. ಡ್ರೈ ರಾಕನ್ನ ಒಣಗಿರೋವಾಗಲೇ ಜೋಡಿಸಿ, ಜೆಲ್ ಸೂಪರ್ ಗ್ಲೂ ಹಾಕಿ ಸಂದಿಗೆ ಎಪಾಕ್ಸಿ ಪುಟ್ಟಿ ತುಂಬಿ ಒಂದೇ ತುಂಡು ಮಾಡ್ಕೊಳ್ಳಿ, ಮೇಲಿಂದ ಹಿಡಿದು ಅಲ್ಲಾಡಿಸಿದ್ರೆ ಅಲ್ಲಾಡಬಾರದು. ಲೈವ್ ತುಂಡನ್ನ ಮಾತ್ರ ಅಂಟಿಸಬೇಡಿ, ಮುಂದುಗಡೆ ಕೈಗೆ ಸಿಗೋಹಂಗೆ ಸುಮ್ನೆ ಇಡಿ. ನಾಳೆ ಅದರಲ್ಲಿ ಆಯಿಪ್ಟೇಸಿಯಾನೋ ಏಡಿನೋ ಕಂಡ್ರೆ ಎತ್ತಿ ಬಕೆಟಿಗೆ ಹಾಕೋಕೆ ಆಗ್ಬೇಕು. ನನ್ನ ಮ್ಯಾಂಟಿಸ್ ಸಿಕ್ಕಿದ್ದೇ ಆ ಕಲ್ಲು ಅಂಟಿಸಿರ್ಲಿಲ್ಲ ಅನ್ನೋ ಕಾರಣಕ್ಕೆ, ಗ್ಲೂ ಖಾಲಿ ಆಗಿತ್ತು ಅವತ್ತು.

ಆಮೇಲೆ ಬ್ಯಾಕ್ಟೀರಿಯಾಗೆ ಊಟ ಆಗ್ಲಿ ಅಂತ ಅಮೋನಿಯಂ ಕ್ಲೋರೈಡ್ ಹನಿ ಹಾಕಿ ಅಮೋನಿಯಾ 2 ಪಿಪಿಎಂಗೆ ತನ್ನಿ, ಬೇಕಾದ್ರೆ ಬಾಟಲ್ ಬ್ಯಾಕ್ಟೀರಿಯಾ ಸೇರಿಸಿ, 24 ಗಂಟೆಯಲ್ಲಿ ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆಗೆ ಬರೋತನಕ ಕಾಯಿರಿ. ಅಲ್ಲಿವರೆಗೆ ಮೀನಿಲ್ಲ, ಮಕ್ಕಳು ಎಷ್ಟೇ "ನೀಮೋ ಯಾವಾಗ" ಅಂತ ಕೇಳಿದ್ರೂ ಇಲ್ಲ. ಮಧ್ಯದಲ್ಲಿ ಕಲ್ಲೆಲ್ಲ ಕಂದು ಪುಡಿ ಬಳಿದಂಗೆ ಆಗತ್ತೆ, ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಎಲ್ಲರಿಗೂ ಬರತ್ತೆ, ಉಜ್ಜೋಕೆ ಹೋಗಿ ಕೈ ಹಾಕ್ಬೇಡಿ, ಎರಡು ಮೂರು ವಾರದಲ್ಲಿ ತಾನೇ ಕಮ್ಮಿ ಆಗತ್ತೆ, ಆಗ ಎರಡೋ ಮೂರೋ ಟ್ರೋಕಸ್ ಬಸವನಹುಳ ಬಿಡಿ. ಮುಂದಿನ ಗಾಜು ಬೇಕಾದ್ರೆ ದಿನಾ ಉಜ್ಜಿ, ಹಿಂದಿನ ಗಾಜು ಮಾತ್ರ ಮುಟ್ಟಬೇಡಿ. ನನ್ನ ಟ್ಯಾಂಕಲ್ಲಿ ನಾಲ್ಕನೇ ತಿಂಗಳಿಗೆ ಆ ಗಾಜಿನ ಕೆಳಗಡೆ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ನೇರಳೆ ಚುಕ್ಕೆ ಒಂದು ಕಾಣ್ತು, ಲೈವ್ ತುಂಡು ಇಟ್ಟಿದ್ದ ಕಡೆಯ ಮೂಲೆ. ಈಗ ಅದು ಒಂದು ರೂಪಾಯಿ ನಾಣ್ಯದಷ್ಟಾಗಿದೆ.